ಡಿಮಿಟ್ರಿ ಮೆಂಡಲೀವ್

ಡಿಮಿಟ್ರಿ ಇವಾನೊವಿಚ್ ಮೆಂಡಲೀವ್ (8 ಫೆಬ್ರವರಿ 1834 – 2 ಫೆಬ್ರವರಿ 1907) ರಷ್ಯಾದ ರಸಾಯನಶಾಸ್ತ್ರಜ್ಞರು. ಧಾತುಗಳ ಆವರ್ತ ನಿಯಮವನ್ನು ನಿರೂಪಿಸಿ 1869ರಲ್ಲಿ ಆವರ್ತ ಕೋಷ್ಟಕವನ್ನು ಪ್ರಕಟಿಸಿದವರೆಂದು ಇವರು ಜಗತ್ಪ್ರಸಿದ್ಧರು. ಅನಿಲಗಳ ಗುಣಗಳು, ಪೆಟ್ರೋಲಿಯಂ, ತೂಕ ಮತ್ತು ಅಳತೆಗಳು, ಹವಾಮಾನ, ಆಕಾಶಯಾನ ಮುಂತಾದ ವಿಷಯಗಳಲ್ಲಿಯೂ ಇವರು ಕೆಲಸ ಮಾಡಿದ್ದಾರೆ. 1887ರ ಆಗಸ್ಟ್ 19ರಂದು ಸಂಪೂರ್ಣ ಸೂರ್ಯಗ್ರಹಣವನ್ನು ವೀಕ್ಷಿಸಲು ಚಾಲಕನಿಲ್ಲದೆ ಒಬ್ಬರೇ ಬಲೂನಿನಲ್ಲಿ ಮೋಡಗಳ ಮೇಲಕ್ಕೆ ಏರಿದ್ದು ಇವರ ಜೀವನದ ಪ್ರಮುಖ ಘಟನೆಗಳಲ್ಲಿ ಒಂದು. ಪಠ್ಯಪುಸ್ತಕಗಳಲ್ಲಿ ಇದರ ಪ್ರಸ್ತಾಪ ವಿರಳ.

ರಷ್ಯಾದಲ್ಲಿ ಆಗ ಬಳಕೆಯಲ್ಲಿದ್ದ ಹಳೆಯ ಪಂಚಾಂಗವು 19ನೆಯ ಶತಮಾನದಲ್ಲಿ ಈಗಿನ ಪಂಚಾಂಗಕ್ಕಿಂತ 12 ದಿನ ಹಿಂದಿತ್ತು. ಈ ಲೇಖನದ ದಿನಾಂಕಗಳೆಲ್ಲ ಈಗಿನ ಪಂಚಾಂಗದವು.

ಬಾಲ್ಯ

ಮೆಂಡಲೀವ್ ಹುಟ್ಟಿದ್ದು ಸೈಬೀರಿಯದ ತೊಬೋಲ್ಸ್ಕ್ ಪಟ್ಟಣದಲ್ಲಿ, ದೊಡ್ಡ ಕುಟುಂಬದ ಕೊನೆಯ ಮಗುವಾಗಿ. ತಂದೆ ಇವಾನ್ ಪಾವ್ಲೊವಿಚ್ ಅಲ್ಲಿನ ಪ್ರೌಢಶಾಲೆಯ ಮುಖ್ಯಸ್ಥರಾಗಿದ್ದರು. ಮಗ ಹುಟ್ಟಿದ ವರ್ಷವೇ ಅವರು ದೃಷ್ಟಿ ಕಳೆದುಕೊಂಡು ಕೆಲಸ ಬಿಡಬೇಕಾಯಿತು. ಸಂಸಾರದ ಹೊಣೆ ತಾಯಿ ಮರಿಯಾ ಡಿಮಿಟ್ರಿಯೆವ್ನಾ ಅವರ ಮೇಲೆ ಬಿತ್ತು. ಅವರು ತಮ್ಮ ತವರಿನವರಿಗೆ ಸೇರಿದ್ದ ಗಾಜಿನ ಕಾರ್ಖಾನೆಯನ್ನು ನಡೆಸಿ ಮಕ್ಕಳನ್ನು ಸಾಕಿದರು. 1847ರಲ್ಲಿ ತಂದೆ ತೀರಿಕೊಂಡರು. ಮರುವರ್ಷ ಕಾರ್ಖಾನೆ ಬೆಂಕಿಗೆ ಆಹುತಿಯಾಯಿತು.

1849ರಲ್ಲಿ ತಾಯಿ ಕಿರಿಯ ಮಗನನ್ನು ಕರೆದುಕೊಂಡು ಸಾವಿರಾರು ಕಿಲೋಮೀಟರ್ ದೂರದ ಮಾಸ್ಕೊಗೆ ಹೊರಟರು. ಅಲ್ಲಿ ವಿಶ್ವವಿದ್ಯಾಲಯದಲ್ಲಿ ಪ್ರವೇಶ ಸಿಗಲಿಲ್ಲ. ಅಲ್ಲಿಂದ ಸೇಂಟ್ ಪೀಟರ್ಸ್‌ಬರ್ಗ್‌ಗೆ ಹೋಗಿ, 1850ರಲ್ಲಿ ತಂದೆ ಓದಿದ್ದ ಶಿಕ್ಷಕರ ತರಬೇತಿ ಸಂಸ್ಥೆಗೇ ಮಗನನ್ನು ಸೇರಿಸಿದರು. ಅದೇ ವರ್ಷ ಅವರು ನಿಧನರಾದರು. ಮುಂದೆ ಮೆಂಡಲೀವ್ ತಮ್ಮ ಸಂಶೋಧನ ಗ್ರಂಥವೊಂದನ್ನು ತಾಯಿಯ ನೆನಪಿಗೆ ಅರ್ಪಿಸಿದರು.

ವಿದ್ಯಾಭ್ಯಾಸ ಮತ್ತು ಅಧ್ಯಾಪನ

1855ರಲ್ಲಿ ಪದವಿ ಪಡೆದ ಮೆಂಡಲೀವ್ ಸಿಂಫೆರೊಪೋಲ್ ಮತ್ತು ಒಡೆಸ್ಸಾಗಳಲ್ಲಿ ಕೆಲಕಾಲ ಶಾಲಾ ಶಿಕ್ಷಕರಾಗಿದ್ದರು. 1859ರಿಂದ 1861ರವರೆಗೆ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದು ದ್ರವಗಳ ಕುರಿತು ಸಂಶೋಧನೆ ನಡೆಸಿದರು. ಒಂದು ನಿರ್ದಿಷ್ಟ ಉಷ್ಣತೆಯನ್ನು ಮೀರಿದರೆ ಎಷ್ಟೇ ಒತ್ತಡ ಹಾಕಿದರೂ ಅನಿಲವು ದ್ರವವಾಗದು ಎಂಬ ಸಂಗತಿಯನ್ನು ಇವರು ಅಲ್ಲಿ ಗುರುತಿಸಿದರು. ಇಂದು ಇದನ್ನು ಕ್ರಾಂತಿಕ ಉಷ್ಣತೆ ಎನ್ನುತ್ತಾರೆ. 1860ರಲ್ಲಿ ಕಾರ್ಲ್ಸ್‌ರೂಹೆಯಲ್ಲಿ ನಡೆದ ರಸಾಯನಶಾಸ್ತ್ರಜ್ಞರ ಸಮ್ಮೇಳನದಲ್ಲಿ ಇಟಲಿಯ ಕನ್ನಿಜಾರೊ ಪರಮಾಣು ತೂಕಗಳ ಬಗ್ಗೆ ಮಂಡಿಸಿದ ವಿಚಾರಗಳು ಇವರ ಮೇಲೆ ಗಾಢ ಪರಿಣಾಮ ಬೀರಿದವು. ಸ್ವದೇಶಕ್ಕೆ ಮರಳಿದ ಮೇಲೆ ಬರೆದ ಸಾವಯವ ರಸಾಯನಶಾಸ್ತ್ರದ ಪಠ್ಯಪುಸ್ತಕಕ್ಕೆ ಡೆಮಿಡೊವ್ ಬಹುಮಾನ ದೊರೆಯಿತು. 1867ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್ ವಿಶ್ವವಿದ್ಯಾಲಯದಲ್ಲಿ ರಸಾಯನಶಾಸ್ತ್ರದ ಪೀಠ ಇವರದಾಯಿತು.

1865ರಲ್ಲಿ ಮಾಸ್ಕೊ ಪ್ರಾಂತ್ಯದ ಕ್ಲಿನ್ ಪಟ್ಟಣದ ಸಮೀಪ ಬೊಬ್ಲೊವೊ ಎಂಬ ಜಮೀನನ್ನು ಕೊಂಡು ಬೇಸಿಗೆಯನ್ನು ಅಲ್ಲಿಯೇ ಕಳೆಯತೊಡಗಿದರು. ಗೊಬ್ಬರ, ಬಿತ್ತನೆಗಳ ಪ್ರಯೋಗಗಳು ಅಲ್ಲಿ ನಡೆದವು. 1887ರ ಆಕಾಶಯಾನಕ್ಕೆ ಕ್ಲಿನ್ ನೆಲೆಯಾದದ್ದಕ್ಕೂ ಈ ಜಮೀನಿಗೂ ಸಂಬಂಧವಿದೆ.

ಆವರ್ತ ಕೋಷ್ಟಕ

ವಿದ್ಯಾರ್ಥಿಗಳಿಗಾಗಿ ಪಠ್ಯಪುಸ್ತಕ ಬರೆಯುವಾಗ ಆಗ ತಿಳಿದಿದ್ದ 63 ಧಾತುಗಳನ್ನು ಯಾವ ಕ್ರಮದಲ್ಲಿ ವಿವರಿಸಬೇಕೆಂಬ ಪ್ರಶ್ನೆ ಮೆಂಡಲೀವ್ ಅವರಿಗೆ ಎದುರಾಯಿತು. ಪರಮಾಣು ತೂಕದ ಏರಿಕೆಯ ಕ್ರಮದಲ್ಲಿ ಧಾತುಗಳನ್ನು ಜೋಡಿಸಿದಾಗ ಅವುಗಳ ಗುಣಗಳು ನಿಯತವಾಗಿ ಮರುಕಳಿಸುವುದು ಕಂಡಿತು. 1869ರ ಮಾರ್ಚ್‌ನಲ್ಲಿ ಇದನ್ನು ಪ್ರಕಟಿಸಿದರು. ಕೋಷ್ಟಕವನ್ನು ಕನಸಿನಲ್ಲಿ ಕಂಡರೆಂಬ ಕತೆ ಜನಪ್ರಿಯವಾಗಿದ್ದರೂ, ಈ ಪ್ರಶ್ನೆಯ ಮೇಲೆ ಇವರು ಬಹುಕಾಲ ಶ್ರಮಿಸಿದ್ದರೆಂಬುದನ್ನು ಮರೆಯಬಾರದು.

ಇದೇ ಬಗೆಯ ಪ್ರಯತ್ನಗಳನ್ನು ಜರ್ಮನಿಯ ಲೋಥಾರ್ ಮೆಯರ್ ಮೊದಲಾದವರೂ ಮಾಡಿದ್ದರು. ಆದರೆ ಮೆಂಡಲೀವ್ ಕೋಷ್ಟಕದಲ್ಲಿ ಖಾಲಿ ಸ್ಥಾನಗಳನ್ನು ಬಿಟ್ಟು, ಅಲ್ಲಿ ಬರಬೇಕಾದ ಧಾತುಗಳ ಗುಣಗಳನ್ನು ಮುಂಚಿತವಾಗಿ ತಿಳಿಸಿದರು. ಅವುಗಳಿಗೆ ತಾತ್ಕಾಲಿಕ ಹೆಸರಿಡಲು ಸಂಸ್ಕೃತದ ಏಕ, ದ್ವಿ, ತ್ರಿ ಎಂಬ ಸಂಖ್ಯಾಪದಗಳನ್ನು ಬಳಸಿದರು. ಏಕ-ಅಲ್ಯುಮಿನಿಯಂ 1875ರಲ್ಲಿ ಗ್ಯಾಲಿಯಂ ಆಗಿ, ಏಕ-ಬೋರಾನ್ 1879ರಲ್ಲಿ ಸ್ಕ್ಯಾಂಡಿಯಂ ಆಗಿ, ಏಕ-ಸಿಲಿಕಾನ್ 1886ರಲ್ಲಿ ಜರ್ಮೇನಿಯಂ ಆಗಿ ದೊರೆತವು. ಗ್ಯಾಲಿಯಂ ಕಂಡುಹಿಡಿದ ಫ್ರಾನ್ಸಿನ ಲೆಕಾಕ್ ದ ಬ್ವಾಬೋದ್ರಾನ್ ಮೊದಲು ಅಳೆದ ಸಾಂದ್ರತೆ 4.7 ಆಗಿತ್ತು. ಅದು 5.9ರಷ್ಟಿರಬೇಕೆಂದು ಮೆಂಡಲೀವ್ ತಿಳಿಸಿದರು. ಲೋಹವನ್ನು ಶುದ್ಧಗೊಳಿಸಿ ಮತ್ತೆ ಅಳೆದಾಗ ಬಂದ ಉತ್ತರವೂ 5.9.

ಅನಿಲಗಳಿಂದ ಆಕಾಶಯಾನಕ್ಕೆ

1870ರ ದಶಕದಲ್ಲಿ ಮೆಂಡಲೀವ್ ರಷ್ಯನ್ ತಾಂತ್ರಿಕ ಸಂಘದ ನೆರವಿನಿಂದ ಅನಿಲಗಳ ಸ್ಥಿತಿಸ್ಥಾಪಕತ್ವದ ಕುರಿತು ದೀರ್ಘ ಪ್ರಯೋಗಗಳನ್ನು ನಡೆಸಿದರು. ಒತ್ತಡ ತೀರ ಕಡಿಮೆಯಾದಾಗ ಅನಿಲ ಹೇಗೆ ವರ್ತಿಸುತ್ತದೆ ಎಂಬುದು ಇಲ್ಲಿನ ಮುಖ್ಯ ಪ್ರಶ್ನೆಯಾಗಿತ್ತು. ಪ್ರಯೋಗಾಲಯದಲ್ಲಿ ಕಷ್ಟಪಟ್ಟು ಸೃಷ್ಟಿಸಬೇಕಾದ ಅಂಥ ವಿರಳ ಗಾಳಿ ಭೂಮಿಯ ಮೇಲ್ಭಾಗದಲ್ಲಿ ಸಹಜವಾಗಿಯೇ ಇದೆ. ಹೀಗೆ ಇವರ ಗಮನ ಎತ್ತರದ ವಾಯುಮಂಡಲದತ್ತ ಹರಿಯಿತು. 1875ರಲ್ಲಿ, ಸಂಪೂರ್ಣವಾಗಿ ಮುಚ್ಚಿದ ತೊಟ್ಟಿಲಿನಲ್ಲಿ ವೀಕ್ಷಕನನ್ನು ಕೂರಿಸಿ ಬಲೂನನ್ನು ಅತ್ಯಂತ ಎತ್ತರಕ್ಕೆ ಕಳುಹಿಸುವ ಯೋಜನೆಯನ್ನು ಮುಂದಿಟ್ಟರು. ಆಗ ಅದಕ್ಕೆ ಹಣ ಕೂಡಿಬರಲಿಲ್ಲ. ತಮ್ಮ ಕೆಲವು ಪುಸ್ತಕಗಳ ಮಾರಾಟದ ಹಣವನ್ನು ಬಲೂನಿಗಾಗಿ ಮೀಸಲಿಡಲೂ ಇವರು ಮುಂದಾದರು. ಇದೇ ತತ್ತ್ವವನ್ನು ಅನುಸರಿಸಿ ಆಗಸ್ಟ್ ಪಿಕಾರ್ 1931ರಲ್ಲಿ 15 ಕಿಲೋಮೀಟರ್‌ಗೂ ಹೆಚ್ಚು ಎತ್ತರಕ್ಕೆ ಏರಿದರು.

1878ರಲ್ಲಿ ಪ್ಯಾರಿಸ್‌ನಲ್ಲಿ ಹಗ್ಗಕ್ಕೆ ಕಟ್ಟಿದ ಜಿಫಾರ್ ಅವರ ದೊಡ್ಡ ಬಲೂನಿನಲ್ಲಿ ಮೆಂಡಲೀವ್ ಏರಿದ್ದರು. 1880ರಲ್ಲಿ ದ್ರವಗಳ ಪ್ರತಿರೋಧ ಮತ್ತು ಆಕಾಶಯಾನದ ಕುರಿತು ಗ್ರಂಥವನ್ನೇ ಬರೆದರು. ಆದರೆ ಹಗ್ಗವಿಲ್ಲದ ಬಲೂನನ್ನು ನಡೆಸಿದ ಅನುಭವ ಮಾತ್ರ ಇವರಿಗೆ ಇರಲಿಲ್ಲ.

ಗ್ರಹಣ ವೀಕ್ಷಣೆಯ ಹಿನ್ನೆಲೆ

ಸಂಪೂರ್ಣ ಸೂರ್ಯಗ್ರಹಣದಲ್ಲಿ ಚಂದ್ರಬಿಂಬವು ಸೂರ್ಯನನ್ನು ಪೂರ್ತಿ ಮರೆಮಾಡಿದಾಗ ಸುತ್ತಲೂ ಬೆಳ್ಳಿಯ ಬಣ್ಣದ ಮಂದ ಪ್ರಭೆ ಕಾಣುತ್ತದೆ. ಇದೇ ಕರೋನಾ ಅಥವಾ ಪ್ರಭಾವಲಯ. ಆ ಕಾಲದಲ್ಲಿ ಅದನ್ನು ನೋಡಲು ಗ್ರಹಣದ ಕೆಲವೇ ನಿಮಿಷಗಳನ್ನು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆ ನಿಮಿಷಗಳಲ್ಲಿ ಮೋಡ ಕವಿದರೆ ವರ್ಷಗಳ ಸಿದ್ಧತೆ ವ್ಯರ್ಥ.

1868ರ ಆಗಸ್ಟ್ 18ರ ಗ್ರಹಣದ ನೆರಳು ದಕ್ಷಿಣ ಭಾರತವನ್ನು ಹಾದುಹೋಯಿತು. ಗುಂಟೂರಿನಲ್ಲಿ ಫ್ರಾನ್ಸಿನ ಜಾನ್ಸೆನ್ ಮತ್ತು ಬ್ರಿಟಿಷ್ ಸೇನಾಧಿಕಾರಿ ಟೆನಂಟ್, ಇಂದಿನ ಬಾಗಲಕೋಟೆ ಜಿಲ್ಲೆಯ ಜಮಖಂಡಿಯಲ್ಲಿ ಲೆಫ್ಟಿನೆಂಟ್ ಜಾನ್ ಹರ್ಷೆಲ್ ರೋಹಿತದರ್ಶಕಗಳ ಮೂಲಕ ಅದನ್ನು ವೀಕ್ಷಿಸಿದರು. ಜಮಖಂಡಿಯಲ್ಲಿ ಮೋಡಗಳು ಹರ್ಷೆಲ್ ಅವರನ್ನು ಬಹಳ ಕಾಡಿದರೂ ಅವುಗಳ ನಡುವಣ ಬಿಡುವಿನಲ್ಲಿ ಸೂರ್ಯನ ಅಂಚಿನ ಜ್ವಾಲೆಗಳ ಪ್ರಕಾಶಮಾನ ರೇಖೆಗಳು ಅವರಿಗೆ ಸಿಕ್ಕವು. ಸೂರ್ಯನ ರೋಹಿತದ ಹಳದಿ ರೇಖೆಯಿಂದ ಹೀಲಿಯಂ ಎಂಬ ಧಾತುವಿನ ಊಹೆ ಮೂಡಿದ್ದು ಇದೇ ಅವಧಿಯಲ್ಲಿ. ಮರುವರ್ಷ ಅಮೆರಿಕದಲ್ಲಿ ಕಂಡ ಗ್ರಹಣದಲ್ಲಿ ಯಂಗ್ ಮತ್ತು ಹಾರ್ಕ್‌ನೆಸ್ ಕರೋನಾದ ರೋಹಿತದಲ್ಲಿ ಹಸಿರು ರೇಖೆಯೊಂದನ್ನು ಗುರುತಿಸಿದರು. ಅದು ತಿಳಿದಿರುವ ಯಾವ ಧಾತುವಿಗೂ ಹೊಂದಲಿಲ್ಲ. ಅದನ್ನು ಹೊರಸೂಸುವ ವಸ್ತುವಿಗೆ ಕರೋನಿಯಂ ಎಂಬ ಹೆಸರು ಬಂತು. ಧಾತುಗಳ ಪಟ್ಟಿಯನ್ನು ಪೂರ್ಣಗೊಳಿಸಲು ಹೊರಟವರಿಗೆ ಗ್ರಹಣವು ಕೇವಲ ಖಗೋಳಶಾಸ್ತ್ರದ ವಿಷಯವಾಗಿ ಉಳಿದಿರಲಿಲ್ಲ.

1887ರ ಗ್ರಹಣ ಮತ್ತು ಬಲೂನು ಯಾನ

1887ರ ಆಗಸ್ಟ್ 19ರ ಗ್ರಹಣದ ಹಾದಿ ಜರ್ಮನಿಯಿಂದ ರಷ್ಯಾ, ಸೈಬೀರಿಯಗಳ ಮೂಲಕ ಜಪಾನಿನವರೆಗೆ ಚಾಚಿತ್ತು. ಮೋಡದ ಭಯವಿಲ್ಲದೆ ಕರೋನಾವನ್ನು ನೋಡಲು ಬಲೂನಿನಲ್ಲಿ ಏರುವಂತೆ ರಷ್ಯನ್ ತಾಂತ್ರಿಕ ಸಂಘವು ಮೆಂಡಲೀವ್ ಅವರನ್ನು ಕೇಳಿಕೊಂಡಿತು. ಆಗ ಅವರ ವಯಸ್ಸು 53. ಕ್ಲಿನ್ ಪಟ್ಟಣವು ಗ್ರಹಣದ ಹಾದಿಯಲ್ಲಿಯೂ ರೈಲುಮಾರ್ಗದ ಮೇಲೂ ಇತ್ತು, ಬೊಬ್ಲೊವೊಗೂ ಹತ್ತಿರ. ಸೇನೆಯು ರುಸ್ಕಿ ಎಂಬ ಬಲೂನನ್ನು ಒದಗಿಸಿತು. ಕಲ್ಲಿದ್ದಲ ಅನಿಲ ತುಂಬಿದರೆ ಬೇಕಾದಷ್ಟು ಎತ್ತರ ಸಿಗದೆಂದು ಲೆಕ್ಕ ಹಾಕಿ, ಅದಕ್ಕಿಂತ ಹಗುರವಾದ ಜಲಜನಕವನ್ನೇ ತುಂಬಬೇಕೆಂದು ಮೆಂಡಲೀವ್ ಪಟ್ಟುಹಿಡಿದರು. ಬಲೂನನ್ನು ನಡೆಸುವ ಕೆಲಸ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಕೊವಾಂಕೊ ಅವರದು, ವೀಕ್ಷಣೆ ಮೆಂಡಲೀವ್ ಅವರದು ಎಂದು ನಿಶ್ಚಯವಾಗಿತ್ತು.

ಆ ದಿನ ಬೆಳಗಾದಾಗ ಕ್ಲಿನ್ ಮೇಲೆ ದಟ್ಟ ಮೋಡವಿತ್ತು, ತುಂತುರು ಬೀಳುತ್ತಿತ್ತು. ಜನ ಕಿಕ್ಕಿರಿದಿದ್ದರು. ಚಿತ್ರಕಾರ ಇಲ್ಯಾ ರೇಪಿನ್ ಕೂಡ ಅಲ್ಲಿದ್ದು ಬಲೂನಿನ ಚಿತ್ರ ಬರೆದರು. ಮಳೆಯಲ್ಲಿ ನೆನೆದ ಬಟ್ಟೆ, ಬಲೆ, ಹಗ್ಗಗಳು ನೀರು ಹೀರಿ ಭಾರವಾಗಿದ್ದವು. ಇಬ್ಬರೂ ಹತ್ತಿ ಕುಳಿತಾಗ ಬಲೂನು ಮೇಲೇಳಲಿಲ್ಲ. ಸಂಪೂರ್ಣ ಗ್ರಹಣಕ್ಕೆ ಉಳಿದಿದ್ದು ಕೆಲವೇ ನಿಮಿಷ. ಕೊವಾಂಕೊ ಒಬ್ಬರೇ ಹೋದರೆ ಯಾನ ಸುರಕ್ಷಿತ, ಆದರೆ ವೀಕ್ಷಣೆಯ ಉದ್ದೇಶವೇ ಇಲ್ಲವಾಗುತ್ತದೆ. ಮೆಂಡಲೀವ್ ಒಬ್ಬರೇ ಹೋದರೆ ವೀಕ್ಷಣೆ ಸಾಧ್ಯ, ಇಳಿಯುವುದು ಹೇಗೆಂಬುದು ಮಾತ್ರ ಅನಿಶ್ಚಿತ. ಕೊವಾಂಕೊ ಅವರನ್ನು ಕೆಳಗಿಳಿಯುವಂತೆ ಕೇಳಿ, ಮೆಂಡಲೀವ್ ತಾವೇ ಹೊರಟರು.

ಈ ನಿರ್ಧಾರದ ಕಾರಣಗಳನ್ನು ಅವರು ಅದೇ ವರ್ಷ ಪ್ರಕಟಿಸಿದ ತಮ್ಮ ಯಾನದ ವೃತ್ತಾಂತದಲ್ಲಿ ವಿವರಿಸಿದ್ದಾರೆ. ಬಲೂನು ಕೂಡ ಭೌತಶಾಸ್ತ್ರದ ಒಂದು ಉಪಕರಣವೇ. ಅದರ ನಿಯಮಗಳನ್ನು ಬಲ್ಲವನು ಅದನ್ನು ನಡೆಸಬಲ್ಲ ಎಂಬುದು ಅವರ ನಂಬಿಕೆ. ಇನ್ನೊಂದು ಕಾರಣ ಅಭಿಮಾನಕ್ಕೆ ಸಂಬಂಧಿಸಿದ್ದು. ಪ್ರಾಧ್ಯಾಪಕರು ಮಾತಿನಲ್ಲಿ ಮುಂದು, ಕೈಕೆಲಸದಲ್ಲಿ ಹಿಂದು ಎಂಬ ಅಭಿಪ್ರಾಯ ಜನರಲ್ಲಿತ್ತು. ವಿಡಂಬನಕಾರ ಸಾಲ್ತಿಕೋವ್-ಶೆದ್ರಿನ್ ಅವರ ಕತೆಯೊಂದರಲ್ಲಿ ಇಬ್ಬರು ಜನರಲ್‌ಗಳು ರೈತನೊಬ್ಬನ ನೆರವಿಲ್ಲದೆ ಊಟವನ್ನೂ ಹೊಂದಿಸಿಕೊಳ್ಳಲಾರರು. ವಿಜ್ಞಾನಿಗಳನ್ನೂ ಹಾಗೆಯೇ ತಿಳಿಯಲಾಗುತ್ತದೆ ಎಂಬ ಬೇಸರ ಮೆಂಡಲೀವ್ ಅವರಿಗಿತ್ತು.

ಬಲೂನು ಮೋಡದೊಳಗೆ ಮರೆಯಾದ ಸ್ವಲ್ಪ ಹೊತ್ತಿನಲ್ಲಿ ನೆಲದ ಮೇಲೆ ಕತ್ತಲು ಕವಿಯಿತು. ನೆರೆದವರಿಗೆ ಕಂಡದ್ದು ಆ ಕತ್ತಲು ಮಾತ್ರ. ಮೋಡವನ್ನು ದಾಟಿದ ಮೆಂಡಲೀವ್ ಅವರಿಗೆ ಕಪ್ಪು ಬಿಂಬ ಮತ್ತು ಅದರ ಸುತ್ತಲಿನ ಬೆಳ್ಳಿಯ ಪ್ರಭೆ ಕಂಡವು. ಅವರು ಪ್ರಭೆಯ ಬಣ್ಣ ಮತ್ತು ಅಗಲವನ್ನು ಗಮನಿಸಿಕೊಂಡರು. ಆದರೆ ಆ ನೋಟ ಬಹಳ ಹೊತ್ತು ಉಳಿಯಲಿಲ್ಲ. ಬೆಳಗಿನ ಹೊತ್ತಾದ್ದರಿಂದ ಸೂರ್ಯ ಹೆಚ್ಚು ಮೇಲೇರಿರಲಿಲ್ಲ. ಹೀಗಾಗಿ ಕೆಳಗಿನ ಮೋಡವನ್ನು ದಾಟಿದ್ದರೂ ಅಡ್ಡಲಾಗಿ ಬಂದ ಮತ್ತೊಂದು ಮೋಡ ಸೂರ್ಯನನ್ನು ಮರೆಮಾಡಿತು. ಅಷ್ಟರಲ್ಲಿ ಸಂಪೂರ್ಣ ಗ್ರಹಣದ ಅವಧಿಯೂ ಮುಗಿಯಿತು. ಬಲೂನು ಕೆಲವೇ ನಿಮಿಷ ಮೊದಲು ಹೊರಟಿದ್ದರೆ ಇನ್ನಷ್ಟು ಎತ್ತರದಿಂದ ಹೆಚ್ಚು ಹೊತ್ತು ವೀಕ್ಷಿಸಬಹುದಾಗಿತ್ತು.

ಅಪಾಯ ಎದುರಾದದ್ದು ಅನಂತರ. ಬಲೂನನ್ನು ಇಳಿಸಲು ಅದರ ನೆತ್ತಿಯ ಕವಾಟವನ್ನು ತೆರೆದು ಅನಿಲವನ್ನು ಹೊರಬಿಡಬೇಕು. ಅದಕ್ಕೆ ಕಟ್ಟಿದ್ದ ಹಗ್ಗ ಸಿಕ್ಕಿಹಾಕಿಕೊಂಡಿತ್ತು. ಎಳೆದರೆ ಕವಾಟ ತೆರೆಯುತ್ತಿರಲಿಲ್ಲ. ಬಲೂನು ಏರುತ್ತಲೇ ಹೋಗಿ ಮೂರು ಕಿಲೋಮೀಟರ್‌ಗೂ ಹೆಚ್ಚಿನ ಎತ್ತರ ತಲುಪಿತು. ಮೆಂಡಲೀವ್ ತೊಟ್ಟಿಲಿನ ಅಂಚನ್ನು ಹತ್ತಿ ನಿಂತು ಹಗ್ಗದ ಸಿಕ್ಕನ್ನು ಬಿಡಿಸಿದರು. ಬಳಿಕ ಕವಾಟದಿಂದ ಸ್ವಲ್ಪ ಸ್ವಲ್ಪವಾಗಿ ಅನಿಲ ಬಿಡುತ್ತ, ವೇಗ ಹೆಚ್ಚಾದಾಗ ಮರಳು ಸುರಿದು ಭಾರ ಕಡಿಮೆ ಮಾಡುತ್ತ ಕೆಳಗಿಳಿಯತೊಡಗಿದರು. ಇದರ ನಡುವೆಯೂ ಒತ್ತಡ, ಉಷ್ಣತೆಗಳನ್ನು ಬರೆದುಕೊಂಡರು.

ಎರಡು ಗಂಟೆಗೂ ಮೀರಿದ ಪಯಣದ ನಂತರ ಬಲೂನು ತ್ವೇರ್ ಪ್ರಾಂತ್ಯದ ಸ್ಪಾಸ್-ಉಗೋಲ್ ಹಳ್ಳಿಯ ಬಳಿ ನೆಲ ಮುಟ್ಟಿತು. ಹಗ್ಗ ಹಿಡಿದು ಅದನ್ನು ನಿಲ್ಲಿಸಲು ನೆರವಾದವರು ಅಲ್ಲಿನ ರೈತರು. ಸ್ಪಾಸ್-ಉಗೋಲ್ ಸಾಲ್ತಿಕೋವ್-ಶೆದ್ರಿನ್ ಅವರ ಹುಟ್ಟೂರು ಎಂಬುದು ಕೇವಲ ಕಾಕತಾಳೀಯ.

ಇತ್ತ ಕ್ಲಿನ್‌ನಲ್ಲಿದ್ದ ಮನೆಯವರು ಆತಂಕದಲ್ಲಿ ದಿನ ಕಳೆದರು. ಬಲೂನು ಕಂಡಿದೆ, ಅದರಲ್ಲಿ ಮೆಂಡಲೀವ್ ಇಲ್ಲ ಎಂಬ ತಪ್ಪು ತಂತಿಯೊಂದು ಬಂದು ಕಳವಳವನ್ನು ಮತ್ತಷ್ಟು ಹೆಚ್ಚಿಸಿತ್ತು.

ಫಲಿತಾಂಶ

ಖಗೋಳಶಾಸ್ತ್ರದ ದೃಷ್ಟಿಯಿಂದ ಈ ಯಾನದ ಲಾಭ ಅಲ್ಪ. ಕ್ಷಣಕಾಲದ ಬರಿಗಣ್ಣಿನ ನೋಟದಿಂದ ಕರೋನಾದ ಸ್ವರೂಪವನ್ನು ನಿರ್ಣಯಿಸಲು ಸಾಧ್ಯವಿರಲಿಲ್ಲ. ಆದರೂ ಅಂದು ಯುರೋಪಿನ ಭಾಗದಲ್ಲಿ ಬೀಡುಬಿಟ್ಟಿದ್ದ ಅನೇಕ ತಂಡಗಳಿಗೆ ಮೋಡದಿಂದಾಗಿ ಏನೂ ಕಾಣಲಿಲ್ಲ. ಕರೋನಾದ ಹಸಿರು ರೇಖೆಯನ್ನು ಗುರುತಿಸಿದ್ದ ಯಂಗ್ ಅಮೆರಿಕದಿಂದ ರಷ್ಯಾದ ರ್ಝೇವ್‌ವರೆಗೆ ಬಂದು ಬರಿಗೈಯಲ್ಲಿ ಮರಳಿದರು. ನೆಲದಿಂದ ನೋಡಲಾಗದ ಗ್ರಹಣವನ್ನು ಮೇಲಕ್ಕೇರಿ ನೋಡಬಹುದೆಂದು ಕ್ಲಿನ್‌ನ ಯಾನ ತೋರಿಸಿತು. ಫ್ರಾನ್ಸಿನ ಆಕಾಶಯಾನ ಹವಾಮಾನ ಅಕಾಡೆಮಿಯು ಮೆಂಡಲೀವ್ ಅವರಿಗೆ ಪ್ರಶಸ್ತಿಪತ್ರ ನೀಡಿತು. ಮುಂದೆ ವಿಮಾನಗಳು ಬಂದ ಮೇಲೆ ಈ ಮಾರ್ಗ ರೂಢಿಯಾಯಿತು. 1973ರ ಜೂನ್ 30ರಂದು ಸಹಾರಾ ಮರುಭೂಮಿಯ ಮೇಲೆ ಕಾಂಕಾರ್ಡ್ ವಿಮಾನವು ಚಂದ್ರನ ನೆರಳಿನೊಡನೆ ಸಾಗಿ, ವಿಜ್ಞಾನಿಗಳಿಗೆ ಸುಮಾರು 74 ನಿಮಿಷಗಳ ಸಂಪೂರ್ಣ ಗ್ರಹಣವನ್ನು ಒದಗಿಸಿತು.

ನಂತರದ ವೃತ್ತಿಜೀವನ

1880ರಲ್ಲಿ ರಷ್ಯಾದ ವಿಜ್ಞಾನ ಅಕಾಡೆಮಿಯ ಚುನಾವಣೆಯಲ್ಲಿ ಮೆಂಡಲೀವ್ ಸೋತಿದ್ದರು. 1882ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯು ಇವರಿಗೂ ಲೋಥಾರ್ ಮೆಯರ್ ಅವರಿಗೂ ಡೇವಿ ಪದಕ ನೀಡಿತು. 1890ರಲ್ಲಿ ವಿದ್ಯಾರ್ಥಿಗಳ ಮನವಿಯನ್ನು ಶಿಕ್ಷಣ ಮಂತ್ರಿಗೆ ತಲುಪಿಸಲು ಹೋದಾಗ ಅದನ್ನು ಸ್ವೀಕರಿಸದೆ ಹಿಂತಿರುಗಿಸಲಾಯಿತು. ಇವರು ವಿಶ್ವವಿದ್ಯಾಲಯವನ್ನು ತೊರೆದರು. ಆಮೇಲೆ ನೌಕಾದಳಕ್ಕಾಗಿ ಹೊಗೆರಹಿತ ಮದ್ದಿನ ಸಂಶೋಧನೆ ಮಾಡಿದರು. 1893ರಿಂದ ತೂಕ ಮತ್ತು ಅಳತೆಗಳ ಕೇಂದ್ರ ಸಂಸ್ಥೆಯ ಮುಖ್ಯಸ್ಥರಾಗಿದ್ದು, ರಷ್ಯಾದಲ್ಲಿ ಮೆಟ್ರಿಕ್ ಪದ್ಧತಿಗೆ ದಾರಿ ಮಾಡಿಕೊಟ್ಟರು. ವೋಡ್ಕಾದ ಶೇಕಡಾ 40ರ ಪ್ರಮಾಣವನ್ನು ನಿಗದಿಪಡಿಸಿದವರು ಇವರೇ ಎಂಬ ಮಾತಿಗೆ ಆಧಾರವಿಲ್ಲ. ಮದ್ಯಸಾರ ಮತ್ತು ನೀರಿನ ಮಿಶ್ರಣದ ಕುರಿತ ಇವರ 1865ರ ಮಹಾಪ್ರಬಂಧದಿಂದ ಆ ನಂಬಿಕೆ ಹುಟ್ಟಿರಬಹುದು.

ಕರೋನಿಯಂ

1890ರ ದಶಕದಲ್ಲಿ ಆರ್ಗಾನ್ ಮತ್ತು ಹೀಲಿಯಂ ಭೂಮಿಯ ಮೇಲೆಯೇ ದೊರೆತಾಗ ಮೆಂಡಲೀವ್ ಮೊದಲು ಅನುಮಾನಿಸಿದರು. ಆರ್ಗಾನ್ ಹೊಸ ಧಾತುವಲ್ಲ, ಮೂರು ಪರಮಾಣುಗಳ ಸಾರಜನಕವಿರಬಹುದೆಂದು ಊಹಿಸಿದ್ದರು. ಕ್ರಮೇಣ ಜಡಾನಿಲಗಳನ್ನು ಒಪ್ಪಿಕೊಂಡು ಕೋಷ್ಟಕದಲ್ಲಿ ಅವುಗಳಿಗೆ ಶೂನ್ಯ ಗುಂಪನ್ನು ಸೇರಿಸಿದರು. ಆ ಗುಂಪಿನ ಮೇಲ್ತುದಿಯಲ್ಲಿ, ಜಲಜನಕಕ್ಕಿಂತಲೂ ಹಗುರವಾದ ಎರಡು ಧಾತುಗಳು ಇರಬೇಕೆಂದು 20ನೆಯ ಶತಮಾನದ ಆರಂಭದಲ್ಲಿ ಪ್ರತಿಪಾದಿಸಿದರು. ಒಂದು, ಜಗತ್ತನ್ನೆಲ್ಲ ವ್ಯಾಪಿಸಿದೆಯೆಂದು ಆಗ ನಂಬಲಾಗಿದ್ದ ಈಥರ್. ಇನ್ನೊಂದು, ತಾವು ಕ್ಲಿನ್‌ನ ಮೋಡಗಳ ಮೇಲಿನಿಂದ ನೋಡಿದ್ದ ಪ್ರಭೆಯ ಕರೋನಿಯಂ. ಅದರ ಪರಮಾಣು ತೂಕ 0.4ನ್ನು ಮೀರದೆಂದು ಲೆಕ್ಕ ಹಾಕಿದ್ದರು.

ಎರಡೂ ಊಹೆಗಳು ತಪ್ಪಾದವು. 1940ರ ಸುಮಾರಿಗೆ ಗ್ರೋಟ್ರಿಯನ್ ಮತ್ತು ಎಡ್ಲೆನ್ ಅವರ ಸಂಶೋಧನೆಯಿಂದ ಕರೋನಾದ ಹಸಿರು ರೇಖೆಯು 13 ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಸಾಮಾನ್ಯ ಕಬ್ಬಿಣದಿಂದ ಬರುತ್ತದೆಂದು ಖಚಿತವಾಯಿತು. ಕಬ್ಬಿಣ ಅಂಥ ಸ್ಥಿತಿಗೆ ಬರಬೇಕಾದರೆ ಕರೋನಾದ ಉಷ್ಣತೆ ಹತ್ತು ಲಕ್ಷ ಡಿಗ್ರಿಗಳ ಮಟ್ಟದಲ್ಲಿರಬೇಕು. ಸೂರ್ಯನ ಮೇಲ್ಮೈ ಉಷ್ಣತೆಯೇ ಆರು ಸಾವಿರ ಡಿಗ್ರಿಯೊಳಗಿರುವಾಗ ಅದರ ಹೊರಗಿನ ವಲಯ ಇಷ್ಟೊಂದು ಬಿಸಿಯಾಗಿರುವುದನ್ನು ಮೆಂಡಲೀವ್ ಕಾಲದ ಯಾರೂ ಊಹಿಸಿರಲಿಲ್ಲ. ಪರಮಾಣುವು ಒಡೆಯಬಹುದು, ಎಲೆಕ್ಟ್ರಾನುಗಳನ್ನು ಕಳೆದುಕೊಳ್ಳಬಹುದು ಎಂಬ ವಿಚಾರವನ್ನು ಅವರು ಕೊನೆಯವರೆಗೂ ಒಪ್ಪಲಿಲ್ಲ.

ವೈಯಕ್ತಿಕ ಜೀವನ ಮತ್ತು ನಿಧನ

ಮೆಂಡಲೀವ್ 1862ರಲ್ಲಿ ಫಿಯೋಜ್ವಾ ಲೆಶ್ಚೇವಾ ಅವರನ್ನೂ, 1882ರಲ್ಲಿ ಅನ್ನಾ ಪಪೋವಾ ಅವರನ್ನೂ ಮದುವೆಯಾದರು. ಮೊದಲ ವಿವಾಹ ವಿಚ್ಛೇದನದಲ್ಲಿ ಕೊನೆಗೊಂಡಿತು. ಎರಡನೆಯ ವಿವಾಹದಿಂದ ಹುಟ್ಟಿದ ಮಗಳು ಲ್ಯುಬೋವ್ ರಷ್ಯಾದ ಪ್ರಸಿದ್ಧ ಕವಿ ಅಲೆಕ್ಸಾಂಡರ್ ಬ್ಲಾಕ್ ಅವರ ಪತ್ನಿ.

1905ರಲ್ಲಿ ರಾಯಲ್ ಸೊಸೈಟಿಯ ಕಾಪ್ಲಿ ಪದಕ ಇವರಿಗೆ ಸಂದಿತು. 1906ರ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿಗೆ ಸಮಿತಿ ಇವರ ಹೆಸರನ್ನು ಶಿಫಾರಸು ಮಾಡಿತ್ತಾದರೂ ಸ್ವೀಡನ್ನಿನ ಅಕಾಡೆಮಿಯು ಫ್ರಾನ್ಸಿನ ಆನ್ರಿ ಮ್ವಾಸಾನ್ ಅವರನ್ನು ಆಯ್ಕೆ ಮಾಡಿತು. ಮರುವರ್ಷ ಫೆಬ್ರವರಿ 2ರಂದು ಮೆಂಡಲೀವ್ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ ನಿಧನರಾದರು. ಅಲ್ಲಿನ ವೋಲ್ಕೊವೊ ಸ್ಮಶಾನದಲ್ಲಿ ತಾಯಿಯ ಸಮಾಧಿಯ ಬಳಿ ಇವರನ್ನು ಮಣ್ಣು ಮಾಡಲಾಯಿತು.

1955ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಸೃಷ್ಟಿಸಿದ 101ನೆಯ ಧಾತುವಿಗೆ ಮೆಂಡಲೀವಿಯಂ ಎಂದು ಹೆಸರಿಡಲಾಯಿತು. ಚಂದ್ರನ ಭೂಮಿಗೆ ಕಾಣದ ಬದಿಯಲ್ಲಿರುವ ದೊಡ್ಡ ಕುಳಿಯೊಂದಕ್ಕೂ ಇವರ ಹೆಸರಿದೆ. ಬೊಬ್ಲೊವೊದ ಜಮೀನಿನಲ್ಲಿ ಈಗ ಇವರ ಸ್ಮಾರಕ ವಸ್ತುಸಂಗ್ರಹಾಲಯವಿದೆ.